ಹುದ್ದೆಯ ಪಟ್ಟಿಯಲ್ಲಿ ಭಾಷೆ: ಹೈದರಾಬಾದಿನ ಸಾರ್ವಜನಿಕ ಪ್ರೌಢಶಾಲೆ ಮತ್ತು ಕನ್ನಡ ಪಂಡಿತ

ಹೈದರಾಬಾದಿನ ಪಶ್ಚಿಮ ಅಂಚಿನ ಮಣಿಕೊಂಡ ಈಗ ಬಹುಮಹಡಿ ವಸತಿಗಳ ಬಡಾವಣೆ. ಕಂದಾಯ ದಾಖಲೆಗಳಲ್ಲಿ ಮಾತ್ರ ಅದು ಎರಡು ಗ್ರಾಮ: ಮಣಿಕೊಂಡ ಜಾಗೀರ್ ಮತ್ತು ಮಣಿಕೊಂಡ ಖಾಲ್ಸಾ. ಮೊದಲನೆಯದು ಜಾಗೀರುದಾರನಿಗೆ ಸಂದ ಭೂಮಿ, ಎರಡನೆಯದು ನಿಜಾಮ ಸರ್ಕಾರದ ನೇರ ಆಡಳಿತದ್ದು. ಜಾಗೀರು ಪದ್ಧತಿ 1949ರಲ್ಲಿ ರದ್ದಾಯಿತು; ಹೆಸರು ಉಳಿದುಕೊಂಡಿತು. ಈ ಭಾಗದಲ್ಲಿ ನೆಲಸಿರುವ ಕನ್ನಡಿಗರಲ್ಲಿ ಮುಖ್ಯವಾಗಿ ಎರಡು ವರ್ಗಗಳನ್ನು ಗುರುತಿಸಬಹುದು. ಒಂದು, ಗಣಕಯಂತ್ರ ಸಂಸ್ಥೆಗಳ ನೌಕರವರ್ಗ. ಇನ್ನೊಂದು, ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಗುಳೆ ಬಂದ ಕೂಲಿಕಾರರು. ಮೊದಲ ವರ್ಗದ ಮಕ್ಕಳು ಬಹುಮಟ್ಟಿಗೆ ಖಾಸಗಿ ಶಾಲೆಗೆ ಹೋಗುತ್ತಾರೆ. ಎರಡನೆಯ ವರ್ಗದ ಮಗು ಶಾಲೆಯ ಮುಖ ಕಂಡರೆ ಅದು ಸರ್ಕಾರಿ ಅಥವಾ ಜಿಲ್ಲಾ ಪರಿಷತ್ ಶಾಲೆಯೇ. ಆ ಮಗು ಪ್ರೌಢಶಾಲೆಯ ಹಂತಕ್ಕೆ ಬಂದಾಗ ಅದಕ್ಕೆ ಕನ್ನಡ ಕಲಿಸುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಭಾಷಾನೀತಿಯ ಘೋಷಣೆಗಳಿಗಿಂತ ಶಾಲೆಯ ಬೋಧಕ ಹುದ್ದೆಗಳ ಪಟ್ಟಿಯಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ಹೈದರಾಬಾದು ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಆಡಳಿತದಲ್ಲಿ 1880ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1917ರಲ್ಲಿ ಭಾಷಾಂತರ ಸಂಸ್ಥೆಯೂ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಸ್ಥಾಪನೆಗೊಂಡ ಮೇಲೆ ಉನ್ನತ ಶಿಕ್ಷಣದ ಎಲ್ಲ ವಿಷಯಗಳ ಬೋಧನೆಗೆ ಉರ್ದುವೇ ಮಾಧ್ಯಮವಾಯಿತು. ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನು ಬೋಧಿಸಿ ತೋರಿಸಿದ ಈ ಪ್ರಯೋಗದ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಪರಿಣಾಮ ಪ್ರೌಢಶಾಲೆಯ ಮೇಲಾಯಿತು. ಪ್ರಾಥಮಿಕ ಹಂತದಲ್ಲಿ ಕನ್ನಡಕ್ಕೆ ಅವಕಾಶವಿದ್ದರೂ, ಮೇಲಿನ ತರಗತಿಗಳಲ್ಲಿ ಗಣಿತ, ಚರಿತ್ರೆ, ವಿಜ್ಞಾನಗಳು ಉರ್ದುವಿನಲ್ಲಿ, ಕೆಲವೆಡೆ ಇಂಗ್ಲಿಷಿನಲ್ಲಿ ನಡೆಯತೊಡಗಿದವು. ಕನ್ನಡ ಒಂದು ವಿಷಯವಾಗಿ ಮಾತ್ರ, ಒಬ್ಬ ಪಂಡಿತನ ಪಾಲಿಗೆ ಉಳಿಯಿತು. ಕಲಬುರ್ಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಮೊದಲಾದ ಖಾಸಗಿ ಸಂಸ್ಥೆಗಳು ಹುಟ್ಟಿಕೊಂಡ ಸಂದರ್ಭವನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು. ಉಸ್ಮಾನಿಯಾದಲ್ಲಿ ಡಿ. ಕೆ. ಭೀಮಸೇನರಾಯರಂತಹ ವಿದ್ವಾಂಸರು ಕನ್ನಡ ಬೋಧಿಸಿದರು. ಆದರೆ ಅಲ್ಲಿಗೆ ವಿದ್ಯಾರ್ಥಿಗಳನ್ನು ಕಳುಹಿಸಬೇಕಾದ ಪ್ರೌಢಶಾಲೆಯಲ್ಲಿ ಕನ್ನಡದ ಬುನಾದಿ ತೆಳುವಾಗಿತ್ತು.

ಪಂಡಿತನ ಸ್ಥಾನ ಕೆಳಗಿದ್ದುದು ನಿಜಾಮರ ಸೀಮೆಯಲ್ಲಿ ಮಾತ್ರವಲ್ಲ. ಮದರಾಸು ಆಧಿಪತ್ಯದ ದಕ್ಷಿಣ ಕನ್ನಡದಲ್ಲಿಯೂ ಪದವೀಧರ ಉಪಾಧ್ಯಾಯನದು ಒಂದು ಪಂಕ್ತಿ, ಭಾಷಾ ಪಂಡಿತನದು ಇನ್ನೊಂದು. ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) ವ್ಯಾಯಾಮ ಶಿಕ್ಷಕನಾಗಿ ವೃತ್ತಿಯನ್ನಾರಂಭಿಸಿ ಉಡುಪಿಯಲ್ಲಿ ಕನ್ನಡ ಪಂಡಿತನಾದ. ಕನ್ನಡ ಗದ್ಯಕ್ಕೆ ಹೊಸ ಹದವನ್ನು ತಂದವನು ಶಾಲೆಯ ಲೆಕ್ಕದಲ್ಲಿ ಕಸರತ್ತಿನ ಮೇಷ್ಟರ ಸಾಲಿನವನು. ಇದನ್ನು ಕೇವಲ ಕವಿಚರಿತ್ರೆಯ ಸ್ವಾರಸ್ಯವೆಂದು ಬಿಡುವಂತಿಲ್ಲ. ಏಕೆಂದರೆ ಭಾಷಾ ಪಂಡಿತನನ್ನೂ ವ್ಯಾಯಾಮ ಶಿಕ್ಷಕನನ್ನೂ ಒಂದೇ ಕಟ್ಟಿನಲ್ಲಿಡುವ ಕ್ರಮ ನಮ್ಮ ಕಾಲದವರೆಗೂ ಬಂದಿದೆ.

1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಅಲ್ಲಿಯ ಶಾಲೆಗಳೂ ಕನ್ನಡ ಹುದ್ದೆಗಳೂ ಅತ್ತ ಹೋದವು. ರಾಜಧಾನಿಯಲ್ಲಿ ಉಳಿದ ಕನ್ನಡಿಗರಿಗೆ ಆಸರೆಯಾದುದು ಕಾಚಿಗುಡದ ನೃಪತುಂಗ ಶಾಲೆಯಂತಹ, ತಾವೇ ಕಟ್ಟಿಕೊಂಡ ಸಂಸ್ಥೆಗಳು. ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಯ ಸೌಲಭ್ಯವನ್ನು ಕಲ್ಪಿಸಬೇಕೆನ್ನುತ್ತದೆ. ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರೌಢಶಾಲೆಯನ್ನು ಅದು ಮುಟ್ಟುವುದಿಲ್ಲ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರ, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಒಬ್ಬ ಶಿಕ್ಷಕ ಎಂಬುದು, ಪ್ರಾಥಮಿಕ ಶಾಲೆಗೆ ಸಂಬಂಧಿಸಿದುದೇ. ಪ್ರೌಢ ಹಂತಕ್ಕೆ ಮುಂದೆ ರೂಪುಗೊಂಡ ಸೂತ್ರ ಮೇಲಿನ ನಾಲ್ಕು ತರಗತಿಗಳಲ್ಲಿ 60, ತರಗತಿಗೆ 15 ಎಂದಿತು. ಗಡಿಗೆ ಹೊಂದಿದ ಕೃಷ್ಣಾ ಮಂಡಲದಂತಹ ಪ್ರದೇಶದಲ್ಲಿ, ಕನ್ನಡ ಮಾತನಾಡುವ ಇಡೀ ಊರುಗಳಿರುವೆಡೆ, ಈ ಲೆಕ್ಕ ಹೊಂದುತ್ತದೆ. ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ನಡೆದುಬಂದಿವೆ. ಮಣಿಕೊಂಡದಂತಹ ಕಡೆ, ಇಂದು ಈ ಕಟ್ಟಡ, ಬರುವ ವರ್ಷ ಇನ್ನೊಂದು ಎಂದು ಚದುರುವ ಕುಟುಂಬಗಳ ಮಕ್ಕಳು ಒಂದೇ ತರಗತಿಯಲ್ಲಿ ಹದಿನೈದು ಮಂದಿ ಸೇರುವುದೆಂತು?

ಇನ್ನು ಶಾಲೆಯ ಒಳರಚನೆ. ಕಾಲೇಜಿನ ಅರ್ಥದಲ್ಲಿ ಪ್ರೌಢಶಾಲೆಗೆ ವಿಭಾಗಗಳಿಲ್ಲ. ವಿಷಯವಾರು ಹುದ್ದೆಗಳೇ ವಿಭಾಗಗಳು. ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ಸಮಾಜ, ಇಂಗ್ಲಿಷುಗಳಿಗೆ ‘ಸ್ಕೂಲ್ ಅಸಿಸ್ಟೆಂಟ್’. ತೆಲುಗು, ಹಿಂದಿ, ಉರ್ದು ಮೊದಲಾದವುಗಳಿಗೆ ಬಹುಪಾಲು ‘ಲ್ಯಾಂಗ್ವೇಜ್ ಪಂಡಿತ್’, ಅದೂ ಕೆಳದರ್ಜೆಯಲ್ಲಿ, ಪ್ರೌಢ ತರಗತಿಗಳಿಗೇ ಪಾಠ ಹೇಳುತ್ತಿದ್ದರೂ. ಈ ಪಂಡಿತರನ್ನೂ ವ್ಯಾಯಾಮ ಶಿಕ್ಷಕರನ್ನೂ ಸ್ಕೂಲ್ ಅಸಿಸ್ಟೆಂಟ್ ದರ್ಜೆಗೆ ಏರಿಸುವ ತೀರ್ಮಾನವನ್ನು ತೆಲಂಗಾಣ ಸರ್ಕಾರ 2017ರಲ್ಲಿ ಪ್ರಕಟಿಸಿತು. ವ್ಯಾಜ್ಯಗಳು ನಡೆದು ಬಡ್ತಿಗಳು ಕೈಗೂಡಿದುದು 2024ರಲ್ಲಿ. ಮುದ್ದಣನ ಎರಡು ಹುದ್ದೆಗಳು ಅವನು ತೀರಿಕೊಂಡು ಶತಮಾನ ಕಳೆದ ಮೇಲೂ ಒಂದೇ ಕಡತದಲ್ಲಿದ್ದವು!

2018ರ ಕಾಯಿದೆಯೊಂದರಿಂದ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಯಿತು. 2018–19ರಲ್ಲಿ ಒಂದನೆಯ ಮತ್ತು ಆರನೆಯ ತರಗತಿಗಳಿಂದ ಆರಂಭ. ಕರ್ನಾಟಕ 2015ರಲ್ಲಿಯೇ ಕನ್ನಡಕ್ಕಾಗಿ ಇಂಥದೇ ಕಾಯಿದೆ ಮಾಡಿರುವಾಗ ಕನ್ನಡಿಗರು ಇದನ್ನು ಆಕ್ಷೇಪಿಸುವುದು ಸಲ್ಲದು. ನೆಲದ ಭಾಷೆಯನ್ನು ಕಲಿಯುವುದರಿಂದ ಕೂಲಿಕಾರನ ಮಗುವಿಗೆ ಲಾಭವೇ ಹೊರತು ನಷ್ಟವಿಲ್ಲ. ತೊಡಕಿರುವುದು ಬೇರೆಡೆ. ತೆಲುಗು, ಹಿಂದಿ, ಇಂಗ್ಲಿಷುಗಳಿಂದ ಮೂರು ಭಾಷಾಸ್ಥಾನಗಳೂ ತುಂಬಿದ ಶಾಲೆಯಲ್ಲಿ ನಾಲ್ಕನೆಯ ಭಾಷೆಗೆ ವೇಳಾಪಟ್ಟಿಯೂ ಇಲ್ಲ, ಹುದ್ದೆಯೂ ಇಲ್ಲ. ಮಂಜೂರಾಗದ ಹುದ್ದೆ ಖಾಲಿ ಹುದ್ದೆಗಳ ಲೆಕ್ಕಕ್ಕೂ ಬರುವುದಿಲ್ಲ. ಹೀಗಾಗಿ ಆ ಮಗುವಿನ ಕನ್ನಡ ಯಾವ ಅಂಕಿ ಅಂಶದಲ್ಲಿಯೂ ಕೊರತೆಯಾಗಿ ಕಾಣಿಸಿಕೊಳ್ಳುವುದಿಲ್ಲ.

ಹೊರನಾಡಿನ ಕನ್ನಡವನ್ನು ಕುರಿತ ನಮ್ಮ ಅಧ್ಯಯನಗಳು ಶಾಸನ, ಸಂಘಸಂಸ್ಥೆ, ಸಾಹಿತಿಗಳ ಕಡೆಗೆ ಹೆಚ್ಚು ವಾಲಿವೆ. ಪ್ರೌಢಶಾಲೆಗಳ ಹುದ್ದೆಪಟ್ಟಿ, ವೇತನಪಟ್ಟಿ, ವೇಳಾಪಟ್ಟಿಗಳನ್ನು ಜಿಲ್ಲೆವಾರು ಕೂಡಿಸಿ, 1956ರ ಹಿಂದೆ ಯಾವ ಯಾವ ಶಾಲೆಯಲ್ಲಿ ಕನ್ನಡ ಪಂಡಿತನಿದ್ದ, ಆ ಹುದ್ದೆ ಎಂದು ನಿಂತಿತು ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕಾಗಿದೆ. ಇದಕ್ಕೆ ತೊಡಗುವವರು ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಿಂದ ಆರಂಭಿಸಬಹುದು. ನಿಜಾಮ ಸರ್ಕಾರದ ಆಡಳಿತಭಾಷೆ ಉರ್ದುವಾಗಿದ್ದುದರಿಂದ, ಕನ್ನಡ ಪಂಡಿತನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಆ ಲಿಪಿಯನ್ನು ಓದಲು ಕಲಿಯಬೇಕು.