ಬೆವರು ಮತ್ತು ಮೈಶಾಖದ ಹತೋಟಿ

ಮೈಯ ಒಳಶಾಖವನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯುವುದು ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್‌ನ ಕೆಲಸ. ಅದರ ಮುಂಭಾಗದ ಪ್ರೀಆಪ್ಟಿಕ್ ವಲಯದ ನರಕೋಶಗಳು ಅಲ್ಲಿ ಹರಿಯುವ ರಕ್ತದ ಬಿಸಿಯನ್ನು ತಾವೇ ಅಳೆಯುತ್ತವೆ. ಚರ್ಮದಿಂದ ಬರುವ ಸುದ್ದಿಯನ್ನೂ ಕೂಡಿಸಿಕೊಳ್ಳುತ್ತವೆ. ಬಿಸಿ ಏರಿದೊಡನೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. 20ರಿಂದ 40 ಲಕ್ಷ ಬೆವರುಗ್ರಂಥಿಗಳಿಗೆ ಅನುವೇದಕ ನರಗಳ ಮೂಲಕ ಅಪ್ಪಣೆ ಹೋಗುತ್ತದೆ. ಈ ನರಗಳು ಬೇರೆಡೆ ಹೆಚ್ಚಾಗಿ ನಾರ್‌ಅಡ್ರಿನಲಿನ್ ಸ್ರವಿಸುತ್ತವೆ, ಬೆವರುಗ್ರಂಥಿಯ ಬಳಿ ಮಾತ್ರ ಅಸಿಟೈಲ್‌ಕೋಲಿನ್. ಅದನ್ನು ತಡೆಯುವ ಅಟ್ರೋಪಿನ್ ಮದಗುಣಿಕೆಯಲ್ಲಿದೆ. ಆ ವಿಷವೇರಿದವರ ಮೈ ಬೆವರದೆ ಕಾಯುವುದು ಇದರಿಂದಲೇ.

ಬೆವರು ಸುರಿದರೆ ಸಾಲದು, ಆರಬೇಕು. 1 ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಬಿಟ್ಟು ಹೋಗುತ್ತದೆ. ಸುತ್ತಲ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ದೇಹಕ್ಕೆ ಉಳಿಯುವ ದಾರಿ ಇದೊಂದೇ. ಮಂಗಳೂರಿನ ತೇವದ ಸೆಕೆಯಲ್ಲಿ ಅಂಗಿ ತೊಯ್ದು ಬೆನ್ನಿಗೆ ಅಂಟುತ್ತದೆ, ಬೆವರು ಬೇಗ ಆರುವುದಿಲ್ಲ. ವಿಜಯಪುರದ ಬೇಸಿಗೆ 40 ಡಿಗ್ರಿ ಮುಟ್ಟಿದರೂ ಅಲ್ಲಿನ ಒಣಗಾಳಿ ಮೈಯನ್ನು ತಣಿಸಬಲ್ಲದು, ಕುಡಿಯಲು ನೀರಿದ್ದರೆ.

ಅದೇ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಶೆಡ್ಡುಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ಜಾಳಿಗೆಯ ಅಟ್ಟಗಳ ಮೇಲೆ ನೆರಳಲ್ಲಿ ಹರವಿದ ಗೊನೆಗಳು ಎರಡು ವಾರದೊಳಗೆ ಒಣದ್ರಾಕ್ಷಿಯಾಗುತ್ತವೆ. ಹಣ್ಣಿನ ನೀರು ಹೀರುವ ಗಾಳಿಯೇ ದುಡಿಯುವವರ ಬೆವರನ್ನೂ ಹೀರುತ್ತದೆ. ಹನಿಗಟ್ಟುವ ಮೊದಲೇ ಆರುವುದರಿಂದ ಬೆವರಿಯೇ ಇಲ್ಲ ಅನ್ನಿಸುತ್ತದೆ. ಸಂಜೆ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಈ ಸೀಮೆಯ ಬಿಸಿಲಿನ ನಿಜವಾದ ಅಪಾಯ ಈ ಕಾಣದ ನೀರಿನ ನಷ್ಟವೇ. ಉಪ್ಪು ಹಾಕಿದ ಮಜ್ಜಿಗೆ ಹೋದ ನೀರು, ಉಪ್ಪು ಎರಡನ್ನೂ ತುಂಬಿಕೊಡುತ್ತದೆ. ಬಿಸಿಲಿಗೆ ಹೊಸಬರಾದವರ ಮೈ ಒಗ್ಗಲು ಒಂದೆರಡು ವಾರ ಬೇಕು. ಆಮೇಲೆ ಬೆವರು ಬೇಗ ಹೊರಡುತ್ತದೆ, ಅದರಲ್ಲಿ ಉಪ್ಪು ಕಡಿಮೆಯಿರುತ್ತದೆ.

ರೊಟ್ಟಿಯೊಂದಿಗೆ ಕೆಂಪು ಖಾರ ತಿಂದಾಗ ಹಣೆ ಬೆವರುವುದಕ್ಕೆ ಕಾರಣ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, 43 ಡಿಗ್ರಿ ಮೀರಿದ ಸುಡುಬಿಸಿಗೆ ತೆರೆಯುವ ನರದ್ವಾರವನ್ನೇ ತೆರೆದು, ಬಾಯಿ ಸುಡುತ್ತಿದೆ ಎಂದು ಮಿದುಳನ್ನು ನಂಬಿಸುತ್ತದೆ. ಆ ದ್ವಾರವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಜೊತೆ ಹಂಚಿಕೊಂಡರು.

ಜ್ವರವನ್ನೂ ಬಿಸಿಲಾಘಾತವನ್ನೂ ಒಂದೆಂದು ತಿಳಿಯಬಾರದು. ಜ್ವರದಲ್ಲಿ ಪ್ರೋಸ್ಟಾಗ್ಲಾಂಡಿನ್ ಹೈಪೋಥಲಾಮಸ್‌ನ ಗುರಿಯನ್ನೇ ಏರಿಸುತ್ತದೆ, ಆದ್ದರಿಂದ ಪ್ಯಾರಾಸಿಟಮಾಲ್ ಕೆಲಸ ಮಾಡುತ್ತದೆ. ಬಿಸಿಲಾಘಾತದಲ್ಲಿ ಗುರಿ ಇದ್ದಲ್ಲೇ ಇರುತ್ತದೆ. ಒಳಶಾಖ 40 ಡಿಗ್ರಿ ಮೀರಿ ಮಾತು ತಪ್ಪುತ್ತದೆ, ಎಚ್ಚರ ಹೋಗುತ್ತದೆ. ಮೈ ಬೆವರುತ್ತಿದ್ದರೂ ಇದು ಬರಬಹುದು. ಆಗ ಮಾತ್ರೆಯಿಂದ ಉಪಯೋಗವಿಲ್ಲ: ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.