ಮುಸುಕಿನ ನಾಯಿಕೆ, ಮುಸುಕಿನ ಕರ್ತೃ

ಕಥಾನಾಯಕರನ್ನು ಕೊಂಡಾಡುವ ಲೋಕವು ಕಥೆಯ ಕರ್ತೃಗಳನ್ನು ಮರೆಯುವುದು ಹೊಸತಲ್ಲ. ಅಮೆರಿಕಾ ದೇಶದ ಚಿತ್ರಕಥೆಗಳ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು.

1941ನೆಯ ಇಸವಿ ಏಪ್ರಿಲ್ 6ನೆಯ ಭಾನುವಾರ ಅಲ್ಲಿನ ವೃತ್ತಪತ್ರಿಕೆಗಳಲ್ಲಿ ಮಾರ್ಲಾ ಡ್ರೇಕ್ ಎಂಬ ಸಿರಿವಂತ ತರುಣಿಯ ಸಾಹಸಕಥೆಯು ಆರಂಭವಾಯಿತು. ಕರಿಚಿರತೆಯ ಚರ್ಮವನ್ನು ಧರಿಸಿ, ಮುಖವನ್ನು ಮರೆಸಿಕೊಂಡು ದುಷ್ಟರನ್ನೆದುರಿಸುವ ಆಕೆಗೆ ಮೊದಲು ‘ಬ್ಲ್ಯಾಕ್ ಫ್ಯೂರಿ’ ಎಂದೂ ಅನಂತರ ‘ಮಿಸ್ ಫ್ಯೂರಿ’ ಎಂದೂ ಹೆಸರಾಯಿತು. ಸುಪ್ರಸಿದ್ಧಳಾದ ‘ವಂಡರ್ ವುಮನ್’ ತಲೆದೋರಿದುದು ಇದಾದ ಕೆಲವು ತಿಂಗಳ ಮೇಲೆ. ಆಕೆಯನ್ನು ಕಲ್ಪಿಸಿದವರು ಪುರುಷರು. ಮಿಸ್ ಫ್ಯೂರಿಯನ್ನು ಬರೆದು ಚಿತ್ರಿಸಿದವರಾದರೋ ಜೂನ್ ಟಾರ್ಪೆ ಮಿಲ್ಸ್ ಎಂಬ ಮಹಿಳೆ. ಬರೆದವರು ಸ್ತ್ರೀಯೆಂದು ತಿಳಿದರೆ ಬಾಲವಾಚಕರು ನಿರಾಶರಾದಾರೆಂದು ಅವರು ‘ಜೂನ್’ ಎಂಬುದನ್ನು ಕೈಬಿಟ್ಟರು. ಹೀಗೆ ನಾಯಿಕೆಗೊಂದು ಮುಸುಕು, ಕರ್ತೃವಿಗೊಂದು ಮುಸುಕು.

ಸುಮಾರು ಹತ್ತು ವರ್ಷ ನಡೆದು ಆ ಕಥೆಯು ನಿಂತಿತು. ಮಿಲ್ಸ್ 1988ರಲ್ಲಿ ಗತಿಸಿದರು. ಬಹುಮಟ್ಟಿಗೆ ವಿಸ್ಮೃತವಾಗಿದ್ದ ಆ ಕೃತಿಯನ್ನು, ಸ್ವತಃ ಚಿತ್ರಕಥೆಗಾರ್ತಿಯೂ ಇತಿಹಾಸಜ್ಞೆಯೂ ಆಗಿದ್ದ ಟ್ರೀನಾ ರಾಬಿನ್ಸ್ ಅವರು ಸಂಪಾದಿಸಲು, 2011 ಮತ್ತು 2013ರಲ್ಲಿ ಎರಡು ಸಂಪುಟಗಳು ಹೊರಬಂದವು. 2013ರಲ್ಲಿಯೇ ಬೇರೆ ಲೇಖಕರ ಕೈಯಿಂದ ನಾಯಿಕೆಯ ಹೊಸ ಸಾಹಸಗಳೂ ಪ್ರಕಟವಾದವು. ಆಕೆಗೆ ಹೀಗೆ ಮತ್ತೊಬ್ಬ ಲೇಖಕರು ದೊರೆತಾರು. ಮರೆತುಹೋದ ಕರ್ತೃವಿಗಾದರೋ ಹಳೆಯ ಪುಟಗಳನ್ನು ಹುಡುಕಿ ತೆಗೆಯುವ ಇತಿಹಾಸಕಾರರೇ ಗತಿ.