ಹೂವಿನ ಹೆಸರಿನ ಬೇರು

ದೀಪಾವಳಿಯ ಹೊತ್ತಿಗೆ ಧಾರವಾಡದ ಸಪ್ತಾಪುರದಲ್ಲಿ ಹೂವಿನಂಗಡಿಯ ಮುಂದೆ ನಿಂತರೆ ಚೆಂಡುಹೂವಿನ ರಾಶಿಯೇ ಕಣ್ಣು ತುಂಬುತ್ತದೆ. ಬಾಗಿಲಿನ ಮಾಲೆಗೂ ಲಕ್ಷ್ಮೀಪೂಜೆಗೂ ಅದು ಬೇಕೇ ಬೇಕು. ಆದರೆ ವೀಕ್ಷಕರೇ, ಈ ಹೂವಿನ ತವರು ದೂರದ ಮೆಕ್ಸಿಕೊ! 1492ರಲ್ಲಿ ಕೊಲಂಬಸ್ ಅಮೆರಿಕ ಖಂಡವನ್ನು ಮುಟ್ಟುವ ಮೊದಲು ನಮ್ಮವರು ಇದನ್ನು ಕಂಡಿರಲಿಲ್ಲ. ಮುಂದೆ ಹೂವು ಕಡಲು ದಾಟಿ ಬಂದಿತು. ಹೆಸರನ್ನು ಮಾತ್ರ ನಾವೇ ಕೊಟ್ಟೆವು. ಚೆಂಡಿನಂತೆ ಕಂಡದ್ದು ಚೆಂಡುಹೂವಾಯಿತು.

ಅದೇ ನಾಡಿನ ಇನ್ನೊಂದು ಹೂವಿಗೆ ಕಂಪೇ ಹೆಸರು ತಂದಿತು. ರಾತ್ರಿ ಪರಿಮಳ ಹೆಚ್ಚುವ ಅದು ಧಾರವಾಡದ ಕಡೆ ನಿಶಿಗಂಧ, ಮೈಸೂರಿನ ಕಡೆ ಸುಗಂಧರಾಜ. ಮಲೆನಾಡಿನ ಡೇರೆ ಹೂವೂ ಮೆಕ್ಸಿಕೊದ್ದೇ. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ನೆನಪಿಗಾಗಿ 1791ರಲ್ಲಿ ಅದಕ್ಕೆ ಡಾಲಿಯಾ ಎಂದು ಹೆಸರಿಟ್ಟರು. ನಮ್ಮ ಅಂಗಳದಲ್ಲಿ ಆ ಹೆಸರು ಡೇರೆಯಾಯಿತು.

ಗುಲಾಬಿಯ ಕಥೆ ಬೇರೆ. ಪಾರಸಿಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಪನ್ನೀರಿನ ಹೆಸರೇ ಹೂವಿಗೆ ಅಂಟಿಕೊಂಡಿತು. ಸಂಸ್ಕೃತದ ಚಂಪಕ ಕನ್ನಡದ ನಾಲಗೆಯಲ್ಲಿ ಸಂಪಿಗೆಯಾಯಿತು, ಕೇತಕಿ ಕೇದಗೆಯಾಯಿತು.

ಹೀಗೆ ಬಂದದ್ದನ್ನೆಲ್ಲ ಹೆಸರಿಟ್ಟು ನಮ್ಮದಾಗಿಸಿಕೊಂಡ ಭಾಷೆ ನಮ್ಮದು. ಇಂದು ನಮ್ಮ ಮಕ್ಕಳು ರೋಸ್, ಮಾರಿಗೋಲ್ಡ್ ಎನ್ನುವಾಗ ಹೂವು ಉಳಿಯುತ್ತದೆ, ಅದರ ಕಥೆ ಅಳಿಯುತ್ತದೆ. ಧಾರವಾಡದಲ್ಲಿಯೂ ಕೆಲಸ ಮಾಡಿದ ಕಿಟ್ಟೆಲ್ಲರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿಗಾಗಿ ಜನರ ಆಡುಮಾತನ್ನೂ ಕೂಡಿಸಿದ್ದರು. ನೀವೂ ಮನೆಯ ಹಿರಿಯರನ್ನು ಕೇಳಿ, ಅವರು ಹೇಳುವ ಹೂವಿನ ಹೆಸರುಗಳನ್ನು ಬರೆದಿಡಿ.